ದುಬೈಗೆ ಹೊರಟ ಅಕ್ಕಿ

ಈಗ ಹೇಳುವಂಥ ಪ್ರಸಂಗಗಳು ನಮ್ಮ ಆಫೀಸಿನಲ್ಲಿ ತಿಂಗಳಿಗೊಂದರಂತೆ ನಡೆಯುತ್ತಲೇ ಇದ್ದವು. ಅದಕ್ಕೆ ನಾವು ಯಾರೂ ಕಾರಣರಲ್ಲ. ಎಲ್ಲೋ ಒಂದು ದೇಶದಲ್ಲಿ ಮಳೆ ಕೈಕೊಡುತ್ತಿತ್ತು, ಇನ್ನೆಲ್ಲೋ ಜನ ಅಕ್ಕಿಗೆ ಕ್ಯೂ ನಿಲ್ಲುತ್ತಿದ್ದರು, ಅದನ್ನು ಟಿವಿಯಲ್ಲಿ ನೋಡಿ ದೆಹಲಿಯಲ್ಲಿ ಯಾರೋ ಗಾಬರಿಯಾಗಿ ಒಂದು ಆದೇಶ ಹೊರಡಿಸುತ್ತಿದ್ದರು, ಆಮೇಲೆ ಸುಂಕದಕಟ್ಟೆಯಲ್ಲಿ ನನ್ನ ಊಟದ ಡಬ್ಬಿ ಮುಚ್ಚಿದ್ದು ಮುಚ್ಚಿದಂತೆಯೇ ಉಳಿಯುತ್ತಿತ್ತು.

ಎರಡು ಸಾವಿರದ ಏಳು-ಎಂಟರ ಮಾತು. ಅಕ್ಕಿ ರಫ್ತು ಮಾಡುವ ಒಂದು ಪುಟ್ಟ ಕಂಪನಿಯಲ್ಲಿ ನಾನು ಕಾಗದಪತ್ರ ನೋಡಿಕೊಳ್ಳುತ್ತಿದ್ದೆ. ವಿಜಯನಗರದ ಮನೆಯಿಂದ ಎರಡು ಬಸ್ಸು ಹಿಡಿದು ಮಾಗಡಿ ರಸ್ತೆಯ ಸುಂಕದಕಟ್ಟೆಯಲ್ಲಿದ್ದ ಗೋಡೌನಿಗೆ ಹೋಗಬೇಕು. ಗೋಡೌನಿನ ಮೂಲೆಯಲ್ಲಿ ಪ್ಲೈವುಡ್ ಹೊಡೆದು ಮಾಡಿದ ಕೋಣೆಯೇ ಆಫೀಸು. ಯಜಮಾನರು, ನಾನು, ಸಿಂಧನೂರು ಕಡೆಯ ಒಬ್ಬ ಲೋಡಿಂಗ್ ಮೇಸ್ತ್ರಿ, ಅವನ ಕೈಕೆಳಗೆ ಮೂವರು ಹಮಾಲರು. ಕಂಪನಿ ಅಂದರೆ ಅಷ್ಟೇ.

ಯಜಮಾನರ ತಂದೆಗೆ ರಾಜಾಜಿನಗರದಲ್ಲಿ ಅಕ್ಕಿ ಅಂಗಡಿ ಇತ್ತು. "ನಾನು ತಕ್ಕಡಿ ಮುಂದೆ ಕೂರೋನಲ್ಲ, ಎಕ್ಸ್‌ಪೋರ್ಟ್ ಮಾಡೋನು" ಎಂದು ನೆಂಟರಿಗೆಲ್ಲ ಹೇಳಿ, ವಿಸಿಟಿಂಗ್ ಕಾರ್ಡ್ ಹಂಚಿ, ಆ ಅಂಗಡಿಗೆ ಬೀಗ ಹಾಕಿ ಬಂದವರು ಇವರು. ಇದ್ದಬದ್ದದ್ದನ್ನೆಲ್ಲ ಒಂದು ಕಂಟೇನರ್ ಸೋನಾ ಮಸೂರಿಗೆ ಸುರಿದಿದ್ದರು. ಅದು ದುಬೈಗೆ ಹೋದರೆ ಕಂಪನಿ ಉಳಿಯುತ್ತದೆ. ಹೋಗದಿದ್ದರೆ ನಾವು ಐದು ಜನ ಮನೆಗೆ, ಅವರು ತಕ್ಕಡಿ ಮುಂದಕ್ಕೆ.

ಮಂಗಳವಾರ ಮೂರರಿಂದ ನಾಲ್ಕೂವರೆ

ಸರಕು ದೇಶ ಬಿಡುವ ಮುಂಚೆ ಕಸ್ಟಮ್ಸ್‌ಗೆ ಷಿಪ್ಪಿಂಗ್ ಬಿಲ್ ಅಂತ ಒಂದು ಕಾಗದ ಸಲ್ಲಿಸಬೇಕು. ನಮ್ಮದು ಒಂದು ಮಂಗಳವಾರ ಮಧ್ಯಾಹ್ನ ಮೂರಕ್ಕೆ ಐದು ನಿಮಿಷ ಇರುವಾಗ ತಯಾರಾಯಿತು. ಕಾಗದ ಸಲ್ಲಿಸುವ ಏಜೆಂಟ್ ಫೋನಿನ ಆ ಕಡೆ ಕಾಯುತ್ತಿದ್ದ.

ಯಜಮಾನರು ಗೋಡೆಯ ಕ್ಯಾಲೆಂಡರ್ ನೋಡಿದರು. "ಮೂರಕ್ಕೆ ರಾಹುಕಾಲ ಶುರು. ಕೊಡೋಕೆ ಹತ್ತು ನಿಮಿಷ ಆದ್ರೂ ಬೇಕಲ್ಲ. ಮೊದಲನೇ ಕಂಟೇನರ್ರು ಬೇರೆ. ನಾಲ್ಕೂವರೆ ಆಗ್ಲಿ."

"ಸಾರ್, ಕಸ್ಟಮ್ಸ್‌ನವ್ರು ರಾಹುಕಾಲ ನೋಡಲ್ಲ" ಅಂದೆ.

"ಅವರದ್ದೇನು ಹೋಗುತ್ತೆ? ಅಕ್ಕಿ ನಮ್ದು."

ನಾಲ್ಕೂಕಾಲಿಗೆ ಏಜೆಂಟ್ ಫೋನ್ ಮಾಡಿದ. ಪ್ರಪಂಚದಲ್ಲೆಲ್ಲ ಅಕ್ಕಿ ಬೆಲೆ ಏರುತ್ತಿದೆಯೆಂದು ಸರ್ಕಾರ ಬಾಸ್ಮತಿ ಒಂದನ್ನು ಬಿಟ್ಟು ಉಳಿದೆಲ್ಲ ಅಕ್ಕಿಯ ರಫ್ತು ನಿಲ್ಲಿಸಿತ್ತು. ಈಗಾಗಲೇ ಬಿಲ್ ಸಲ್ಲಿಸಿದವರ ಅಕ್ಕಿ ಮಾತ್ರ ಹೋಗಬಹುದು. ಸಲ್ಲಿಸದವರು ವಾಪಸ್ ತೆಗೆದುಕೊಂಡು ಹೋಗಬಹುದು.

ಯಜಮಾನರು ಎದ್ದು ಹೋಗಿ ಕ್ಯಾಲೆಂಡರನ್ನು ಇನ್ನೊಮ್ಮೆ ನೋಡಿದರು. ಆಮೇಲೆ ಎದೆ ಮೇಲೆ ಕೈಯಿಟ್ಟುಕೊಂಡು, "ಸದ್ಯ, ರಾಹುಕಾಲದಲ್ಲಿ ಕೊಡ್ಲಿಲ್ಲ ನೋಡಮ್ಮ. ಕೊಟ್ಟಿದ್ರೆ ಏನಾಗ್ತಿತ್ತೋ" ಅಂದರು.

"ಅಕ್ಕಿ ದುಬೈಗೆ ಹೋಗ್ತಿತ್ತು ಸಾರ್" ಅಂದೆ.

ತಲೆಕೆಳಗಾದ ಚೌಕಾಸಿ

ಕೆಲವು ವಾರ ಕಳೆದ ಮೇಲೆ ಸರ್ಕಾರ ಮನಸ್ಸು ಬದಲಿಸಿತು. ಅಕ್ಕಿ ಕಳಿಸಬಹುದು, ಆದರೆ ಇಂತಿಷ್ಟಕ್ಕಿಂತ ಕಡಿಮೆ ಬೆಲೆಗೆ ಮಾರುವ ಹಾಗಿಲ್ಲ. ದುಬಾರಿ ಮಾಡಿದರೆ ಹೊರದೇಶದವರು ಕೊಳ್ಳುವುದಿಲ್ಲ, ಕೊಳ್ಳದಿದ್ದರೆ ಅಕ್ಕಿ ಇಲ್ಲೇ ಉಳಿಯುತ್ತದೆ, ಹಾಗಂತ ನಿಷೇಧ ಮಾಡಿದ ಹಾಗೂ ಆಗುವುದಿಲ್ಲ. ಯೋಚನೆ ಚೆನ್ನಾಗಿಯೇ ಇತ್ತು. ನಾವು ಆ ಕಡೆ ಇದ್ದಿದ್ದರೆ ನಾವೂ ಅದನ್ನೇ ಮಾಡುತ್ತಿದ್ದೆವು. ಈ ಕಡೆ ಇದ್ದೆವು, ಅದೇ ಕಷ್ಟ.

ನಮ್ಮ ಗಿರಾಕಿ ದುಬೈಯಲ್ಲಿ ದಿನಸಿ ಅಂಗಡಿ ಇಟ್ಟಿದ್ದ ಮಂಗಳೂರಿನವರು. ಯಜಮಾನರು ಹುಟ್ಟಿದಾಗಿನಿಂದ ಚೌಕಾಸಿ ಮಾಡಿಕೊಂಡೇ ಬೆಳೆದವರು. ಆದರೆ ಈ ಬಗೆಯ ಚೌಕಾಸಿ ಅವರಿಗೆ ಹೊಸತು.

"ಅಣ್ಣಾ, ಹೋದ್ಸಲ ಹೇಳಿದ ರೇಟಿಗೆ ಆಗಲ್ಲ. ನೀವು ಜಾಸ್ತಿ ಕೊಡ್ಲೇಬೇಕು."

"ಎಂತ ಮಾರಾಯ್ರೇ, ಆ ರೇಟು ನಿಮಗೆ ನಷ್ಟ ಆಗ್ತದಾ?"

"ಇಲ್ಲ, ನನಗೆ ಲಾಭಾನೇ."

"ಮತ್ತೆ ಯಾಕೆ ಜಾಸ್ತಿ?"

"ನಿಮಗೆ ಕಮ್ಮಿಗೆ ಕೊಡಬಾರದು ಅಂತ ಸರ್ಕಾರದ ಆರ್ಡರ್ರು."

"ನಿಮ್ಮ ಸರ್ಕಾರಕ್ಕೆ ನನ್ನ ಮೇಲೆ ಎಂತ ಸಿಟ್ಟು?"

ಎರಡು ವಾರ ಗೋಗರೆದ ಮೇಲೆ ಅವರು ಒಪ್ಪಿದರು. ಒಪ್ಪಿದ ಎರಡನೇ ದಿನ ಸರ್ಕಾರ ಆ ಕನಿಷ್ಠ ಬೆಲೆಯನ್ನು ಏರಿಸಿತು. ಮತ್ತೆ ಫೋನು, ಮತ್ತೆ ಗೋಗರೆತ. ಅದಕ್ಕೂ ಒಪ್ಪಿದರು. ನಾನು ಹೊಸ ಬೆಲೆ ಹಾಕಿ ಕಾಗದವನ್ನೆಲ್ಲ ಮತ್ತೆ ಟೈಪ್ ಮಾಡಿ ಮುಗಿಸುವಷ್ಟರಲ್ಲಿ ಇನ್ನೊಮ್ಮೆ ಏರಿತು. ಮೂರನೇ ಸಲ ಯಜಮಾನರು ಫೋನ್ ಮಾಡಿದಾಗ ಅವರು ಹಲೋ ಅನ್ನಲೂ ಇಲ್ಲ. "ಎಷ್ಟು?" ಅಂದರು. ಯಜಮಾನರು ಹೇಳಿದರು.

"ನೋಡಿ, ಬೆಲೆ ಎಲ್ಲ ಸರಿಯಾಗಿ ಬಂದು ಮುಟ್ತಾ ಉಂಟು" ಅಂದರು ದುಬೈಯವರು. "ಇನ್ನು ಅಕ್ಕಿ ಬಂದ್ರೆ ಆಯ್ತು."

ಸ್ಲೈಡ್ ನಂಬರ್ ಏಳು

ಈ ನಡುವೆ ಸಣ್ಣ ರಫ್ತುದಾರರಿಗೆಂದು ರಾಜಾಜಿನಗರದ ಒಂದು ಹೋಟೆಲಿನ ಹಾಲ್‌ನಲ್ಲಿ ಮಾಹಿತಿ ಸಭೆ ಏರ್ಪಾಡಾಯಿತು. ದುಬೈಯವರು ಮೂರನೇ ಬೆಲೆಗೂ ಒಪ್ಪಿಯಾಗಿತ್ತು. ಸಭೆಯಲ್ಲಿ ಒಂದು ಮಾತು ಖಾತ್ರಿ ಮಾಡಿಕೊಂಡು ಅಲ್ಲಿಂದಲೇ ಏಜೆಂಟ್‌ಗೆ ಫೋನ್ ಮಾಡಿ ಬಿಲ್ ಸಲ್ಲಿಸುವುದೆಂದು ನಾನೂ ಯಜಮಾನರೂ ಹೋದೆವು.

ಬಾಗಿಲಲ್ಲಿ ರಫ್ತು ನೀತಿಯ ಪುಸ್ತಕ ಕೊಟ್ಟರು. ಪುಸ್ತಕದ ಮೇಲೆ ಹಳದಿ ಚೀಟಿ ಅಂಟಿಸಿತ್ತು: ನಲವತ್ತನೇ ಪುಟದಲ್ಲಿ ತಿದ್ದುಪಡಿ. ಹಳದಿ ಚೀಟಿಯ ಮೇಲೆ ಗುಲಾಬಿ ಚೀಟಿ: ಹಳದಿ ಚೀಟಿಯನ್ನು ಪರಿಗಣಿಸಬಾರದು. ಕೇಸರಿಬಾತು ಚೆನ್ನಾಗಿತ್ತು.

ಭಾಷಣ ಮಾಡಿದ ಅಧಿಕಾರಿ ಒಳ್ಳೆಯವರು, ಪಾಪ. ಬಿಕ್ಕಟ್ಟಿನ ಕಾಲದಲ್ಲಿ ಸರ್ಕಾರದ ನೀತಿ ಹೇಗೆ ಚುರುಕಾಗಿರಬೇಕು ಎಂದು ಸ್ಲೈಡ್ ಹಾಕಿ ವಿವರಿಸುತ್ತಿದ್ದರು. ನಾಲ್ಕನೇ ಸ್ಲೈಡ್ ಬಂದಾಗ, "ಇದು ಹೋದ ವಾರದ್ದು, ಬಿಡಿ" ಅಂದರು. ಐದು ಮತ್ತು ಆರನ್ನು ಓದುವ ಮೊದಲೇ ದಾಟಿಸಿಬಿಟ್ಟರು. ಏಳನೆಯದು ಅಕ್ಕಿಯದು. ಯಜಮಾನರು ಕೈಯೆತ್ತಿ ಎದ್ದು ನಿಂತರು.

"ಸಾರ್, ನಾವು ಸುಂಕದಕಟ್ಟೆಯಿಂದ ಬಂದಿದೀವಿ. ಬೇರೆ ಏನೂ ಬೇಡ, ಒಂದೇ ಮಾತು ಹೇಳಿ. ಸೋನಾ ಮಸೂರಿ ಕಳಿಸ್ಬಹುದಾ ಇಲ್ವಾ?"

ಅಧಿಕಾರಿ ಬಾಯಿ ತೆರೆಯುವುದಕ್ಕೂ ಅವರ ಮೊಬೈಲ್ ಹೊಡೆದುಕೊಳ್ಳುವುದಕ್ಕೂ ಸರಿಹೋಯಿತು. "ಹ್ಞಾಂ ಸಾರ್... ಇವತ್ತಿಂದಾನಾ ಸಾರ್... ಪೂರ್ತಿನಾ ಸಾರ್" ಎಂದು ಮೂರು ಸಲ ತಲೆಯಾಡಿಸಿ ಫೋನ್ ಇಟ್ಟರು. ಇಡೀ ಹಾಲ್ ಅವರನ್ನೇ ನೋಡುತ್ತಿತ್ತು. ಅವರು ನಿಧಾನವಾಗಿ ಕನ್ನಡಕ ತೆಗೆದು ಒರೆಸಿಕೊಂಡರು.

"ನೀವು ಕೈ ಎತ್ತಿದಾಗ ಕಳಿಸ್ಬಹುದಿತ್ತು" ಅಂದರು.

ಮೇಸ್ತ್ರಿಯ ಸಾಕ್ಷಿ

ಮತ್ತೆ ಪೂರ್ತಿ ನಿಷೇಧ, ಮತ್ತೆ ಬಾಸ್ಮತಿಗೆ ಮಾತ್ರ ವಿನಾಯಿತಿ. ಯಜಮಾನರ ಮುಖ ನೋಡಲಾಗುತ್ತಿರಲಿಲ್ಲ. ಆಗ ಕಾಮಾಕ್ಷಿಪಾಳ್ಯದ ಕಡೆಯ ಒಬ್ಬ ದಲ್ಲಾಳಿ ಬಂದು ಉಪಾಯ ಹೇಳಿದ. "ಬಾಸ್ಮತಿ ಅಂತ ಬರೆದುಬಿಡಿ ಸಾರ್. ಕಾಳಿನ ಉದ್ದ ಯಾರು ನೋಡ್ತಾರೆ?"

"ನಾನು ಇದಕ್ಕೆ ಸೈನ್ ಮಾಡಲ್ಲ ಸಾರ್" ಅಂದೆ.

"ನೀನ್ಯಾಕೆ ಸೈನ್ ಮಾಡ್ತೀಯಮ್ಮ, ಬರೀ ಟೈಪ್ ಮಾಡು" ಅಂದರು ಯಜಮಾನರು. ಟೈಪ್ ಮಾಡಿದೆ. ಅದು ನನಗೆ ಈಗಲೂ ನಾಚಿಕೆಯ ವಿಷಯ.

ಅಕ್ಕಿ ಪರೀಕ್ಷಿಸಲು ಇನ್ಸ್‌ಪೆಕ್ಟರ್ ಗೋಡೌನಿಗೇ ಬಂದರು. ಬರುವ ಮೊದಲು ಯಜಮಾನರು ಎಲ್ಲರನ್ನೂ ನಿಲ್ಲಿಸಿ, ಯಾರು ಕೇಳಿದರೂ ಬಾಸ್ಮತಿ ಅನ್ನಬೇಕೆಂದು ಹೇಳಿಕೊಟ್ಟಿದ್ದರು. ಇನ್ಸ್‌ಪೆಕ್ಟರ್ ಒಂದು ಹಿಡಿ ಅಕ್ಕಿ ಅಂಗೈಗೆ ಹಾಕಿಕೊಂಡರು. ಜೇಬಿನಿಂದ ಸ್ಕೂಲ್ ಮಕ್ಕಳ ಸ್ಕೇಲ್ ತೆಗೆದು ಒಂದು ಕಾಳು ಅಳೆದರು. ಇನ್ನೊಂದು ಅಳೆದರು. ಆಮೇಲೆ ಪಕ್ಕದಲ್ಲಿ ನಿಂತಿದ್ದ ಮೇಸ್ತ್ರಿಯ ಕಡೆ ತಿರುಗಿ, "ಏನಪ್ಪಾ, ಇದು ಬಾಸ್ಮತಿನಾ?" ಎಂದು ಕೇಳಿದರು.

ಮೇಸ್ತ್ರಿ ಯಜಮಾನರ ಮುಖ ನೋಡಿದ, ಅಕ್ಕಿ ನೋಡಿದ. ತಡೆಯಲಾಗಲಿಲ್ಲ.

"ಬಾಸ್ಮತಿ ಅಲ್ರೀ ಸಾಹೇಬ್ರ. ಇದು ನಮ್ಮ ಸಿಂಧನೂರ ಸೋನಾ ಮಸೂರಿ. ನಮ್ಮ ಮಾವನ ಗದ್ದ್ಯಾಗ ಇದನ್ನ ಬೆಳೀತೀವ್ರಿ. ಇದರ ಮುಂದ ಆ ಬಾಸ್ಮತಿ ಏನ್ರೀ, ಬರೇ ವಾಸನಿ. ಯಜಮಾನ್ರು ಬಾಸ್ಮತಿ ಅನ್ನು ಅಂದಾರ್ರಿ. ಆದ್ರ ಉಣ್ಣೋ ಅನ್ನಕ್ಕ ಇನ್ನೊಬ್ರ ಹೆಸರು ಇಡಾಕ ನನಗ ಬಾಯಿ ಬರವಲ್ದು."

ಇನ್ಸ್‌ಪೆಕ್ಟರ್ ನಾನು ಟೈಪ್ ಮಾಡಿದ ಕಾಗದದ ಮೇಲೆ ಉದ್ದಕ್ಕೆ ಗೆರೆ ಎಳೆದು, 'ಬಾಸ್ಮತಿ ಅಲ್ಲ, ತಿರಸ್ಕರಿಸಿದೆ' ಎಂದು ಬರೆದು ಸಹಿ ಹಾಕಿದರು. ಕೇಸ್ ಹಾಕಲಿಲ್ಲ. ಯಜಮಾನರ ಅದೃಷ್ಟ, ಇನ್ಸ್‌ಪೆಕ್ಟರಿಗೆ ಮೇಸ್ತ್ರಿ ಹಿಡಿಸಿದ್ದ. ಕಾರು ಹತ್ತುವಾಗ ಅವನನ್ನೇ ಕರೆದು ಕೇಳಿದರು: "ಈ ಅಕ್ಕಿ ನಮ್ಮಂಥೋರಿಗೆ ಎಲ್ಲಿ ಸಿಗುತ್ತಪ್ಪಾ?"

"ಇನ್ನ ಮ್ಯಾಲೆ ಎಲ್ಲಾ ಕಡೆ ಸಿಗತೈತ್ರಿ" ಅಂದ ಮೇಸ್ತ್ರಿ. "ಹೊರಗ ಹೋಗಾಕ ನೀವು ಬಿಡಂಗಿಲ್ಲಲ್ರೀ."

ಹಪ್ಪಳದ ಮೂರು ಅವಸ್ಥೆಗಳು

"ಅಕ್ಕಿ ಬಿಡಿ ಮಾರಾಯ್ರೇ, ಉದ್ದಿನ ಹಪ್ಪಳ ಆದ್ರೂ ಕಳಿಸಿ" ಎಂದು ದುಬೈಯವರೇ ದಾರಿ ತೋರಿಸಿದರು. ಬಸವೇಶ್ವರನಗರದಲ್ಲಿ ತಾರಸಿ ಮೇಲೆ ಹಪ್ಪಳ ಮಾಡುತ್ತಿದ್ದ ಹೆಂಗಸರ ಗುಂಪೊಂದಿತ್ತು. ರಿಟೈರ್ಡ್ ಮೇಷ್ಟರಮ್ಮ ಒಬ್ಬರು ಅದರ ಮುಂದಾಳು. ಅವರನ್ನು ಕರೆದುಕೊಂಡು, ಕಳಿಸಬಹುದೇ ಎಂದು ಕೇಳಿ ಒಂದು ಪತ್ರ ಬರೆದುಕೊಂಡು ನಾನು ರಫ್ತಿನ ಕಚೇರಿಗೆ ಹೋದೆ. ಅಲ್ಲಿನ ಗುಮಾಸ್ತರು ಮರ್ಯಾದಸ್ಥರು, ಕೂರಿಸಿ ಮಾತಾಡಿದರು.

"ಉದ್ದು ಅಂದ್ರೆ ಬೇಳೆಕಾಳು. ಬೇಳೆಕಾಳು ಬ್ಯಾನ್ ಆಗಿದೆಯಲ್ಲ ಮೇಡಂ."

"ಇದು ಬೇಳೆ ಅಲ್ಲಪ್ಪ, ಹಪ್ಪಳ" ಅಂದರು ಮೇಷ್ಟರಮ್ಮ.

"ಕರಿಯದೇ ಇದ್ರೆ ಅದು ಬೇಳೆ ಲೆಕ್ಕಾನೇ ಅಮ್ಮ."

"ಸರಿ, ಕರಿದು ಕಳಿಸ್ತೀವಿ."

ಅವರು ಇನ್ನೊಂದು ಫೈಲ್ ತೆಗೆದರು. "ಕರಿದ್ರೆ ಅದರಲ್ಲಿ ಎಣ್ಣೆ ಇರುತ್ತೆ. ಅಡುಗೆ ಎಣ್ಣೇನೂ ಬ್ಯಾನ್ ಆಗಿದೆ."

ಮೇಷ್ಟರಮ್ಮ ಮೂವತ್ತು ವರ್ಷ ಗಣಿತ ಹೇಳಿಕೊಟ್ಟವರು. ಲೆಕ್ಕ ಬಿಡಿಸದೆ ಏಳುವವರಲ್ಲ. "ಕೆಂಡದ ಮೇಲೆ ಸುಟ್ಟರೆ?"

ಗುಮಾಸ್ತರು ಎರಡೂ ಫೈಲ್ ತಿರುವಿಹಾಕಿದರು. ಒಳಗೆ ಹೋಗಿ ಯಾರನ್ನೋ ಕೇಳಿ ಬಂದರು. "ಸುಡೋದರ ಬಗ್ಗೆ ಇನ್ನೂ ಯಾವ ಆದೇಶಾನೂ ಬಂದಿಲ್ಲ. ಸುಟ್ಕೊಳ್ಳಿ" ಅಂದರು.

ಐದು ಹೆಂಗಸರು ಎರಡು ದಿನ ಕೂತು ಹಪ್ಪಳ ಸುಟ್ಟರು. ಪ್ಯಾಕ್ ಮಾಡಿ, ಪೆಟ್ಟಿಗೆಗೆ ತುಂಬಿ, ಆಟೋದಲ್ಲಿ ಗೋಡೌನಿಗೆ ತಂದರು. ಮಾಗಡಿ ರಸ್ತೆಯ ಹಳ್ಳಗಳನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಪೆಟ್ಟಿಗೆ ಬಿಚ್ಚಿದರೆ ಒಂದೂ ಇಡಿಯಾಗಿರಲಿಲ್ಲ, ಎಲ್ಲ ಪುಡಿ. ಮೇಷ್ಟರಮ್ಮ ಧೈರ್ಯ ಬಿಡದೆ, ಪುಡಿಯನ್ನೇ ಕಳಿಸಬಹುದೇ ಕೇಳು ಅಂದರು. ಆ ಗುಮಾಸ್ತರಿಗೆ ಫೋನ್ ಮಾಡಿದೆ.

"ಪುಡಿ ಅಂದ್ರೆ ಹಿಟ್ಟಾಯ್ತಲ್ಲ ಮೇಡಂ" ಅಂದರು. "ಹಿಟ್ಟಿಗೆ ಎರಡನೇ ಮಹಡಿ."

ಅಕ್ಕಿ ಎಲ್ಲಿಂದ ಬಂತು

ಅಷ್ಟರಲ್ಲಿ ಬಿಕ್ಕಟ್ಟೇ ಬದಲಾಯಿತು. ಅಮೆರಿಕದಲ್ಲಿ ದೊಡ್ಡ ದೊಡ್ಡ ಬ್ಯಾಂಕುಗಳು ಮುಳುಗಿ, ಕಾಮಾಕ್ಷಿಪಾಳ್ಯದ ಗಾರ್ಮೆಂಟ್ಸ್‌ಗೆ ಬರುತ್ತಿದ್ದ ಆರ್ಡರ್‌ಗಳು ನಿಂತುಹೋದವು. ಏನನ್ನೂ ಕಳಿಸಬೇಡಿ ಅನ್ನುತ್ತಿದ್ದ ಸರ್ಕಾರ, ದಯವಿಟ್ಟು ಏನಾದರೂ ಕಳಿಸಿ, ರಿಯಾಯಿತಿ ಕೊಡುತ್ತೇವೆ ಅನ್ನತೊಡಗಿತು. ಕೊಳ್ಳುವವರಿಲ್ಲದ ಶರ್ಟು ಕಳಿಸಲು ಪ್ರೋತ್ಸಾಹ ಇತ್ತು. ಕೊಳ್ಳುವವರು ಕಾಯುತ್ತಿದ್ದ ಅಕ್ಕಿ ಕಳಿಸಲು ನಿಷೇಧ ಇತ್ತು.

ಅಕ್ಕಿ ಗೋಡೌನಿಗೆ ಬಂದು ಒಂದು ವರ್ಷ ದಾಟಿತು. ಹುಳ ಬೀಳದಂತೆ ಮೇಸ್ತ್ರಿ ಬೇವಿನ ಸೊಪ್ಪು ಹಾಕಿ, ತಿಂಗಳಿಗೊಮ್ಮೆ ಸಾವಿರದ ಇನ್ನೂರು ಚೀಲವನ್ನೂ ಮಗುಚಿ ಪೇರಿಸುತ್ತಿದ್ದ. ಒಂದು ಮಧ್ಯಾಹ್ನ ಯಜಮಾನರು ನನ್ನನ್ನು ಕರೆದು, "ಬೇರೆ ಕಡೆ ಕೆಲಸ ನೋಡ್ಕೊಳ್ಳಮ್ಮ. ಇನ್ನು ನನ್ನ ಕೈಲಾಗಲ್ಲ" ಅಂದರು. ತಲೆ ಎತ್ತದೆ ಹೇಳಿದರು. ಅವರ ಮೇಲೆ ನನಗೆ ಎಷ್ಟೋ ಸಲ ಸಿಟ್ಟು ಬಂದಿದೆ, ಆದರೆ ಆವತ್ತು ಎದ್ದು ಹೋಗಿ ಅವರಿಗೆ ಕಾಫಿ ತಂದುಕೊಟ್ಟೆ. ನನ್ನ ಕೆಲಸದ ಯೋಚನೆ ಬಂದದ್ದೇ ಆಮೇಲೆ.

ಹಪ್ಪಳದ ಖಾಲಿ ಪೆಟ್ಟಿಗೆ ಒಯ್ಯಲು ಮೇಷ್ಟರಮ್ಮ ಬಂದದ್ದು ಆಗಲೇ. ದಾರಿಯಲ್ಲಿ ಬಾಯಿ ಬಿಚ್ಚಿದ್ದ ಚೀಲದಿಂದ ಎರಡು ಕಾಳು ತೆಗೆದು ಹಲ್ಲಿನಲ್ಲಿ ಕಡಿದರು.

"ಇದು ಎಷ್ಟು ದಿನದ್ದು?"

"ವರ್ಷದ ಮೇಲಾಯ್ತಮ್ಮ" ಅಂದರು ಯಜಮಾನರು, ತಪ್ಪು ಒಪ್ಪಿಕೊಳ್ಳುವ ದನಿಯಲ್ಲಿ.

"ಊರೆಲ್ಲ ಹಳೇ ಅಕ್ಕಿ ಹಳೇ ಅಕ್ಕಿ ಅಂತ ಹುಡುಕ್ತಾ ಇದ್ದೀವಿ. ಹೊಸ ಅಕ್ಕೀಲಿ ಅನ್ನ ಮುದ್ದೆ ಆಗುತ್ತೆ. ನೀವು ಗೋಡೌನ್ ತುಂಬ ಹಳೇ ಅಕ್ಕಿ ಇಟ್ಕೊಂಡು ಯಾರೋ ತೀರಿಹೋದ ಮನೆಯವರ ಹಾಗೆ ಕೂತಿದ್ದೀರಲ್ಲ."

ಅಕ್ಕಿ ಅಂಗಡಿಯವರ ಮಗನಿಗೆ ಇದು ಗೊತ್ತಿರಲಿಲ್ಲವೆಂದಲ್ಲ. ಒಂದು ವರ್ಷ ದುಬೈ ಕಡೆಗೇ ನೋಡಿ ನೋಡಿ, ಪಕ್ಕಕ್ಕೆ ಕತ್ತು ತಿರುಗಿಸುವುದೇ ಮರೆತುಹೋಗಿತ್ತು. ರಾಜಾಜಿನಗರದ ಅಂಗಡಿಯ ಬೀಗ ತೆಗೆಸಿದರು. ತಕ್ಕಡಿ ಮುಂದೆ ಮೊದಲ ದಿನ ಬಿಗಿದ ಮುಖದಲ್ಲೇ ಕೂತರು. ಸಂಜೆಗೆ ಚೀಲ ಸಾಲದೆ ಇನ್ನೊಂದು ಟೆಂಪೋ ತರಿಸಬೇಕಾಯಿತು.

ಅಷ್ಟು ಬೇಗ ಖರ್ಚಾಗಲು ಇನ್ನೊಂದು ಕಾರಣವಿತ್ತು. ಚೀಲಗಳನ್ನು ದುಬೈಗೆಂದೇ ಮಾಡಿಸಿದ್ದರಿಂದ ಅವುಗಳ ಮೇಲೆ ಖರ್ಜೂರದ ಮರ, ಸುತ್ತ ಅರಬ್ಬಿ ಅಕ್ಷರ. ದುಬೈಯಿಂದ ಅಕ್ಕಿ ಬಂದಿದೆಯಂತೆ ಎಂದು ಸುದ್ದಿ ವಿಜಯನಗರದವರೆಗೂ ಹಬ್ಬಿತು. ನಾವು ಹಾಗೆ ಹೇಳಲಿಲ್ಲ. ಅಲ್ಲ ಅನ್ನಲು ಹೋದರೆ ಯಾರೂ ಕೇಳಿಸಿಕೊಳ್ಳಲಿಲ್ಲ. "ನಮ್ಮ ಕಡೆ ಅಕ್ಕೀಲಿ ಈ ರುಚಿ ಎಲ್ಲಿ ಬರ್ಬೇಕು" ಎಂದು ಒಬ್ಬ ಆಂಟಿ ಮೇಸ್ತ್ರಿಯ ಮುಂದೆಯೇ ಹೇಳಿದರು. ಅವನು ಆವತ್ತು ಊಟ ಮಾಡಲಿಲ್ಲ.

ಹತ್ತಿರದ ಇನ್ನೊಂದು ಅಂಗಡಿಯವರಿಗೆ ಇದನ್ನು ಸಹಿಸಲಾಗಲಿಲ್ಲ. ಹೊರದೇಶದ ಅಕ್ಕಿಯನ್ನು ಕಳ್ಳಸಾಗಣೆ ಮಾಡಿ ಮಾರುತ್ತಿದ್ದಾರೆ ಎಂದು ದೂರು ಕೊಟ್ಟರು. ಒಂದು ಬೆಳಿಗ್ಗೆ ಕಸ್ಟಮ್ಸ್ ಇಲಾಖೆಯ ಅಧಿಕಾರಿಯೊಬ್ಬರು ಇಬ್ಬರು ಪೇದೆಗಳ ಜೊತೆ, ಬೀಗ, ಅರಗು, ದಾರ ಎಲ್ಲ ಹಿಡಿದುಕೊಂಡೇ ಬಂದಿಳಿದರು. ಅಂಗಡಿಗೆ ಮೊಹರು ಬಿದ್ದರೆ ಈ ಸಲ ನಿಜವಾಗಿಯೂ ನಮ್ಮ ಕಥೆ ಮುಗಿದಂತೆ.

"ಈ ಅಕ್ಕಿ ನಮ್ಮ ದೇಶಕ್ಕೆ ಹೇಗೆ ಬಂತು?"

"ಬಂದಿಲ್ಲ ಸಾರ್" ಅಂದರು ಯಜಮಾನರು.

"ಬರದೇ ಇಲ್ಲಿ ಹೇಗಿದೆ?"

"ಹೋಗಿಲ್ಲ ಸಾರ್."

"ತಮಾಷೆ ಬೇಡ. ಹೋಗಿಲ್ಲ ಅನ್ನೋದಕ್ಕೆ ದಾಖಲೆ ಇದೆಯಾ?"

ಹಿಂದಿನ ಕಂಪನಿಗಳೂ ಸೇರಿ ನನ್ನ ಹತ್ತು ವರ್ಷದ ಸರ್ವೀಸಿನಲ್ಲಿ ಇಷ್ಟು ಚೆನ್ನಾದ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಆಟೋ ಹಿಡಿದು ಸುಂಕದಕಟ್ಟೆಗೆ ಹೋಗಿ ಫೈಲ್ ತಂದೆ. ಒಂದು ಗೇಣು ದಪ್ಪ ಇತ್ತು. ಅಧಿಕಾರಿ ಅಕ್ಕಿಚೀಲದ ಮೇಲೆ ಕೂತು ಮೊದಲನೇ ಹಾಳೆಯಿಂದ ಓದತೊಡಗಿದರು. ಸಲ್ಲಿಸಲಾಗದ ಬಿಲ್ಲು, ನಿಷೇಧದ ಆದೇಶ, ಅದರ ರದ್ದತಿ, ಕನಿಷ್ಠ ಬೆಲೆ, ಅದರ ಮೇಲೆ ಬೆಲೆ, ಮತ್ತೆ ನಿಷೇಧ, ಅರ್ಜಿ, ತಿರಸ್ಕಾರ, ಮರು ಅರ್ಜಿ, ಮರು ತಿರಸ್ಕಾರ. ಎರಡು ಕಾಫಿ ಕುಡಿದರು. ಹಪ್ಪಳದ ಪತ್ರಕ್ಕೆ ಬಂದಾಗ ಒಮ್ಮೆ ತಲೆಯೆತ್ತಿ ನನ್ನನ್ನು ನೋಡಿ, ಹಾಳೆ ತಿರುವಿದರು. ಪೇದೆಗಳು ಬೀಗವನ್ನು ಚೀಲದೊಳಗೆ ಹಾಕಿಕೊಂಡರು.

"ಇಷ್ಟೆಲ್ಲಾ ಮಾಡಿದ್ರೂ ಹೋಗ್ಲಿಲ್ವಾ?" ಎಂದು ಕೊನೆಗೆ ಯಜಮಾನರನ್ನು ಕೇಳಿದರು. ದನಿ ಮೆತ್ತಗಾಗಿತ್ತು.

"ಇಲ್ಲ ಸಾರ್."

ಅವರು ವರದಿಯ ಹಾಳೆ ತೆಗೆದು, ಮೊಣಕಾಲ ಮೇಲಿಟ್ಟುಕೊಂಡು ಬರೆದು, ಸಹಿ ಮಾಡಿ, ಮೊಹರು ಒತ್ತಿ, ಒಂದು ಪ್ರತಿ ನಮಗೂ ಕೊಟ್ಟರು. ಯಜಮಾನರು ಅದನ್ನು ಲ್ಯಾಮಿನೇಟ್ ಮಾಡಿಸಿ ಅಂಗಡಿಯಲ್ಲಿ ತಕ್ಕಡಿಯ ಮೇಲುಗಡೆ ತೂಗುಹಾಕಿದ್ದಾರೆ. ಯಾರು ಬೇಕಾದರೂ ಓದಬಹುದು:

'ಸ್ಥಳ ಪರಿಶೀಲಿಸಲಾಗಿ, ಸದರಿ ಅಕ್ಕಿಯು ಭಾರತ ದೇಶವನ್ನು ಬಿಟ್ಟು ಹೋಗಲು ಸತತವಾಗಿ ಪ್ರಯತ್ನಿಸಿದ್ದು, ಸರ್ಕಾರದ ಸಹಕಾರದಿಂದ ಹೋಗಿರುವುದಿಲ್ಲವೆಂದು ದೃಢಪಡಿಸಿದೆ.'